ದನ ಒಲ್ಲದ ಹೊಟ್ಟು: ಮಸ್ಕಿ–ಸಿಂಧನೂರು ಸೀಮೆಯ ಕೋಳಿಮನೆಯ ನೆಲ

ಬದಿ ತೆರೆದ ಕೋಳಿ ಶೆಡ್ಡಿನ ನೆಲಕ್ಕೆ ಹರಡುವ ಒಣ ಪದಾರ್ಥವನ್ನು ಹಾಸು ಎನ್ನುತ್ತಾರೆ. ಸಾಕುವವರ ಬಾಯಲ್ಲಿ ಅದು ಲಿಟರ್. ಹಿಕ್ಕೆಯ ತೇವವನ್ನು ಅದು ಹೀರಬೇಕು, ಹೀರಿದ್ದನ್ನು ಗಾಳಿಗೆ ಬಿಟ್ಟುಕೊಡಬೇಕು, ಕೋಳಿ ಕಾಲಿನಿಂದ ಕೆದರುವಷ್ಟು ಸಡಿಲವಾಗಿಯೂ ಇರಬೇಕು. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳಲ್ಲಿ ಈಗ ಹಾಸು ಎಂದರೆ ಬಹುಮಟ್ಟಿಗೆ ಭತ್ತದ ಹೊಟ್ಟು. ಎಪ್ಪತ್ತು ವರ್ಷಗಳ ಹಿಂದೆ ಇಲ್ಲಿ ಹೊಟ್ಟು ಸಿಗುವಷ್ಟು ಭತ್ತವೂ ಇರಲಿಲ್ಲ, ಹಾಸು ಬೇಡುವಂಥ ಕೋಳಿಯೂ ಇರಲಿಲ್ಲ. ಪಶುವೈದ್ಯಕೀಯ ಪಠ್ಯಗಳು ಹಾಸಿನ ಪದಾರ್ಥಗಳನ್ನು ಹೋಲಿಸುವಾಗ ಭತ್ತದ ಹೊಟ್ಟಿಗೆ ಮೊದಲ ಸ್ಥಾನ ಕೊಡುವುದು ಅಪರೂಪ. ಮರದ ಹೆರೆಚೂರು ಅದಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ. ಆದರೂ ಈ ಸೀಮೆಯಲ್ಲಿ ಹೊಟ್ಟೇ ಗೆದ್ದಿತು, ಏಕೆಂದರೆ ದನ ಅದನ್ನು ಮೂಸಿಯೂ ನೋಡುವುದಿಲ್ಲ. ಕೋಳಿಮನೆಯ ನೆಲಕ್ಕೆ ಏನು ಬರಬೇಕೆಂಬುದನ್ನು ಇಲ್ಲಿ ಬಹುಕಾಲ ತೀರ್ಮಾನಿಸಿದ್ದು ಕೊಟ್ಟಿಗೆಯ ಗೋದಲಿ.

ಸಾಕುಪ್ರಾಣಿಯ ಕಾಲಡಿಯ ನೆಲದ ಕತೆ ಈ ಭಾಗದಲ್ಲಿ ಬಹಳ ಹಳೆಯದು. ಕೃಷ್ಣಾ–ತುಂಗಭದ್ರಾ ದೋಆಬಿನಲ್ಲಿಯೂ ಅದರ ಸುತ್ತಲೂ ನವಶಿಲಾಯುಗದ ಬೂದಿದಿಬ್ಬಗಳಿವೆ. ಅವುಗಳ ಹುಟ್ಟಿನ ಬಗ್ಗೆ ಹತ್ತೊಂಬತ್ತನೆಯ ಶತಮಾನದಿಂದಲೂ ವಾದಗಳು ನಡೆದಿದ್ದವು. ಮುದಗಲ್ಲಿನ ಹತ್ತಿರದ ಪಿಕ್ಳಿಹಾಳದಲ್ಲಿ ಅಗೆತ ನಡೆಸಿದ ಎಫ್.ಆರ್. ಆಲ್ಚಿನ್, 1957ರಲ್ಲಿ ಕೃಷ್ಣೆಯಾಚೆಯ ಉಟ್ನೂರಿನ ದಿಬ್ಬವನ್ನು ಅಗೆದಾಗ ದಡ್ಡಿಯ ಗೂಟಗಳು ನಿಂತಿದ್ದ ಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. ದಡ್ಡಿಯಲ್ಲಿ ವರ್ಷಗಟ್ಟಲೆ ಕೂಡಿದ ಸಗಣಿಗೆ ಆಗಾಗ ಬೆಂಕಿ ಬಿದ್ದು ದಿಬ್ಬಗಳು ಬೆಳೆದವು ಎಂಬ ಅವರ ವಿವರಣೆಯನ್ನು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆ ಬೆಂಕಿ ಹಬ್ಬದ್ದೋ ಶುಚಿಯದ್ದೋ ಎಂಬ ಪ್ರಶ್ನೆಯನ್ನು ಪುರಾತತ್ವಜ್ಞರಿಗೇ ಬಿಡಬಹುದು. ಕೋಳಿ ಸಾಕಣೆಯ ಕಣ್ಣಿನಿಂದ ನೋಡಿದರೆ ಕಾಣುವುದಿಷ್ಟು: ಕೂಡಿಹಾಕಿದ ಪ್ರಾಣಿಯ ಮಲ ನೆಲದಲ್ಲಿ ಕಟ್ಟಿಕೊಳ್ಳುತ್ತದೆ, ಅದಕ್ಕೊಂದು ವಿಲೇವಾರಿ ಬೇಕೇ ಬೇಕು.

ಮಸ್ಕಿಯ ಹೆಸರು ಹೊರಜಗತ್ತಿಗೆ ತಿಳಿದದ್ದು 1915ರಲ್ಲಿ. ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಇಲ್ಲಿನ ಬಂಡೆಯ ಮೇಲೆ ಕಂಡ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅದೇ ಅರಸನ ಐದನೆಯ ಸ್ತಂಭಶಾಸನ ಇರುವುದು ಉತ್ತರ ಭಾರತದ ಕಂಬಗಳ ಮೇಲೆ, ಮಸ್ಕಿಯಲ್ಲಿ ಅಲ್ಲ. ಪಟ್ಟಾಭಿಷೇಕವಾಗಿ 26 ವರ್ಷಗಳ ಮೇಲೆ ಹೊರಟ ಆ ಆಜ್ಞೆ ಹುಂಜಗಳ ಬೀಜ ಒಡೆಯಬಾರದು ಎನ್ನುತ್ತದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು ಎಂದೂ ವಿಧಿಸುತ್ತದೆ. ಕೋಳಿ, ಹೊಟ್ಟು ಎರಡೂ ಒಂದೇ ರಾಜಾಜ್ಞೆಯಲ್ಲಿ ಬಂದಿರುವುದು ಕೇವಲ ಕಾಕತಾಳೀಯ. ಆದರೆ ಹೊಟ್ಟನ್ನು ಸುಡುವ ಪದ್ಧತಿ ಆಗಲೇ ಇತ್ತೆಂಬುದು ಅದರಿಂದ ಗೊತ್ತಾಗುತ್ತದೆ.

ಈ ಸೀಮೆಯ ಜವಾರಿ ಕೋಳಿಗೆ ಹಾಸಿನ ಗೊಡವೆ ಇರಲಿಲ್ಲ. ಹಗಲೆಲ್ಲ ತಿಪ್ಪೆ, ಕಣ, ಹಿತ್ತಲು ಸುತ್ತಿ ಕಾಳು, ಹುಳು ಹೆಕ್ಕಿ ತಿನ್ನುತ್ತಿತ್ತು. ರಾತ್ರಿ ಬುಟ್ಟಿಯಡಿ, ಗೂಡಿನಲ್ಲಿ ಇಲ್ಲವೆ ಬೇವಿನ ಕೊಂಬೆಯ ಮೇಲೆ ಮಲಗುತ್ತಿತ್ತು. ಮನೆಗೆ ಐದಾರು ಕೋಳಿ ಇದ್ದಲ್ಲಿ ಹಿಕ್ಕೆ ಒಂದೆಡೆ ಕೂಡುವುದೇ ಇಲ್ಲ. ಬೆಳಿಗ್ಗೆ ಬುಟ್ಟಿ ಎತ್ತಿ, ಕಸಬರಿಗೆಯಲ್ಲಿ ಗುಡಿಸಿ, ತಿಪ್ಪೆಗೆ ಚೆಲ್ಲಿದರೆ ಮುಗಿಯಿತು. ನೆಲಕ್ಕೆ ಏನಾದರೂ ಬಿದ್ದರೆ ಅದು ಒಲೆಯ ಬೂದಿ. ಕಾವಿಗೆ ಕೂತ ಹೇಟೆಯ ಬುಟ್ಟಿಯಲ್ಲಿ, ಮರಿಗಳ ಗೂಡಿನಲ್ಲಿ ಬೂದಿ ಉದುರಿಸಿದರೆ ಹೇನು, ಉಣ್ಣೆ ಕಡಿಮೆಯಾಗುತ್ತವೆಂಬುದು ಮನೆಯ ಹೆಂಗಸರಿಗೆ ಗೊತ್ತಿತ್ತು. ಕೋಳಿ ಬೂದಿಯಲ್ಲಿ ಹೊರಳಿದಾಗ ನುಣ್ಣನೆಯ ಪುಡಿ ಗರಿಯ ಬುಡಕ್ಕೆ ಇಳಿದು, ಹುಳುವಿನ ಮೈಯ ಮೇಣದ ಪೊರೆಯನ್ನು ಉಜ್ಜಿ ಒಣಗಿಸುತ್ತದೆ.

ಹಾಸಬೇಕೆಂದಿದ್ದರೂ ಹಾಸಲು ಏನೂ ಉಳಿಯುತ್ತಿರಲಿಲ್ಲ. ಮಸ್ಕಿ, ಸಿಂಧನೂರಿನ ಎರೆ ಹೊಲಗಳಲ್ಲಿ ಬಿಳಿಜೋಳ, ಹತ್ತಿ, ಕಡಲೆ. ಮಸಾರಿಯಲ್ಲಿ ಸಜ್ಜೆ, ತೊಗರಿ, ಆಮೇಲೆ ಶೇಂಗಾ. ಜೋಳದ ಕಣಕಿ ಬಣವೆಯೇರಿ ಬೇಸಿಗೆಗೆ ಕಾಯುತ್ತಿತ್ತು. ಕಡಲೆಯ ಹೊಟ್ಟು, ತೊಗರಿಯ ಹೊಟ್ಟು, ಶೇಂಗಾ ಬಳ್ಳಿ ಎಲ್ಲವೂ ಎತ್ತಿನ ಮುಂದೆ ಹೋಗುತ್ತಿದ್ದವು. ಹತ್ತಿಕಟ್ಟಿಗೆ ಒಲೆಗೆ, ಶೇಂಗಾ ಸಿಪ್ಪೆ ಎಣ್ಣೆ ಗಿರಣಿಯ ಬಾಯ್ಲರಿಗೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದೂ ಕೈಕೊಡುವ ಮಳೆ. ಇಂಥಲ್ಲಿ ರಾಶಿಯ ಕಸಕ್ಕೂ ಬೆಲೆಯಿರುತ್ತದೆ. ಮೇವಾಗಬಲ್ಲದ್ದನ್ನು ಕೋಳಿಯ ಕಾಲಡಿ ಹಾಕುವವನನ್ನು ಊರು ಹುಚ್ಚನೆಂದೇ ಎಣಿಸುತ್ತಿತ್ತು.

ಈ ಲೆಕ್ಕವನ್ನು ಬುಡಮೇಲು ಮಾಡಿದ್ದು ತುಂಗಭದ್ರಾ ಅಣೆಕಟ್ಟು. ರಾಯಚೂರು ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹೊಳೆಯ ಆಚೆ ದಡ ಮದರಾಸು ಪ್ರಾಂತ. ಹೊಸಪೇಟೆಯ ಬಳಿ 1945ರ ಫೆಬ್ರವರಿಯಲ್ಲಿ ಎರಡೂ ಕಡೆಯವರು ತಂತಮ್ಮ ದಡದಲ್ಲಿ ಅಡಿಗಲ್ಲು ಇಟ್ಟರು. 1953ರಲ್ಲಿ ಕಾಲುವೆಗೆ ನೀರು ಬಂತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಹಾಯ್ದು ಮಾನ್ವಿ, ರಾಯಚೂರಿನತ್ತ ಸಾಗುತ್ತದೆ. ಯೋಜನೆಯ ಕಾಗದದಲ್ಲಿ ಎಡದಂಡೆ ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಮೀಸಲು. ಭತ್ತಕ್ಕೆ ಇದ್ದದ್ದು ಸಣ್ಣ ಪಾಲು. ನೆಲದ ಮೇಲೆ ಆದದ್ದೇ ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಕಾಲುವೆಯ ಬದಿಯಲ್ಲಿ ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿದರು, ಗದ್ದೆ ಮಾಡುವುದನ್ನು ತಂದರು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಭತ್ತವೂ ಕೋಳಿಯೂ ಅವರಿಗೆ ಮನೆಯ ಬಳಕೆಯವೇ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತಿತು, ಕೊನೆ ಭಾಗಕ್ಕೆ ನೀರು ಕಡಿಮೆ ಬಿತ್ತು. ಆ ಜಗಳ ಇಂದಿಗೂ ತೀರಿಲ್ಲ.

ಭತ್ತ ಬಂದ ಕೂಡಲೇ ಹಾಸಿಗೆ ಯೋಗ್ಯವಾದ ಹೊಟ್ಟು ಬರಲಿಲ್ಲವೆಂಬುದನ್ನು ಗಮನಿಸಬೇಕು. ಆರಂಭದ ಹಲ್ಲರ್ ಗಿರಣಿಗಳು ಭತ್ತವನ್ನು ಕಬ್ಬಿಣದ ಉರುಳೆಗೆ ಉಜ್ಜಿ ಹೊಟ್ಟು, ತೌಡು, ನುಚ್ಚು ಮೂರನ್ನೂ ಕಲಸಿ ಹೊರಹಾಕುತ್ತಿದ್ದವು. ತೌಡಿನಲ್ಲಿ ಎಣ್ಣೆಯಿದೆ, ಅದು ಬೆರೆತ ಹೊಟ್ಟು ತೇವಕ್ಕೆ ಬೇಗ ಮುಗ್ಗುತ್ತದೆ, ಕೋಳಿಯೂ ಅದನ್ನು ಹೆಕ್ಕಿ ತಿನ್ನುತ್ತದೆ. ಆ ಮಿಶ್ರಣ ದನದ ಮೇವಿಗೇ ಹೋಗುತ್ತಿತ್ತು. ಅಕ್ಕಿ ಗಿರಣಿಗಳನ್ನು ನಿಯಂತ್ರಿಸುವ ಕೇಂದ್ರ ಕಾಯಿದೆ 1958ರಲ್ಲಿ ಬಂತು. 1970ರಲ್ಲಿ ನಿಯಮಗಳನ್ನು ತಿದ್ದಿ ಹಲ್ಲರುಗಳ ಜಾಗದಲ್ಲಿ ಆಧುನಿಕ ಯಂತ್ರ ಕೂರಿಸುವಂತೆ ಒತ್ತಾಯ ಹೆಚ್ಚಿತು. ಹೊಸ ಗಿರಣಿಯಲ್ಲಿ ಎರಡು ರಬ್ಬರ್ ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಹೊಟ್ಟನ್ನು ಮಾತ್ರ ಸುಲಿಯುತ್ತವೆ, ಗಾಳಿಯಂತ್ರ ಅದನ್ನು ಎಳೆದು ಹೊರಗೆ ತೂರುತ್ತದೆ, ತೌಡು ಮುಂದಿನ ಹಂತದಲ್ಲಿ ಪ್ರತ್ಯೇಕವಾಗಿ ಇಳಿಯುತ್ತದೆ. ಹೀಗೆ ಬಂದ ಹೊಟ್ಟು ಒಣ, ಹಗುರ, ದೋಣಿಯಾಕಾರದ್ದು. ಭತ್ತದ ತೂಕದಲ್ಲಿ ಅದರ ಪಾಲು ಐದರಲ್ಲಿ ಒಂದು. ಅದರಲ್ಲಿ ಸಿಲಿಕಾ ಹೆಚ್ಚು, ಸುಟ್ಟರೆ ಉಳಿಯುವ ಬೂದಿಯ ಬಹುಭಾಗ ಅದೇ. ದನದ ಹೊಟ್ಟೆ ಅದನ್ನು ಅರಗಿಸಲಾರದು, ಬಾಯಿಗೂ ಚುಚ್ಚುತ್ತದೆ. ಸಿಂಧನೂರು, ಕಾರಟಗಿ, ಗಂಗಾವತಿಯ ಗಿರಣಿಗಳ ಹಿಂದೆ ಗುಡ್ಡೆ ಬೆಳೆಯತೊಡಗಿದ್ದು ಆಗಲೇ. ಈ ಸೀಮೆ ಕಂಡ ಮೊದಲ ಬೇಡವಾದ ಹೊಟ್ಟು ಅದು.

ಇತ್ತ ಕೋಳಿಯೂ ಬದಲಾಗುತ್ತಿತ್ತು. ಅಮೆರಿಕದ ಓಹಾಯೊ ಕೃಷಿ ಪ್ರಯೋಗ ಕೇಂದ್ರದಲ್ಲಿ ಕೆನಾರ್ಡ್ ಮತ್ತು ಚೇಂಬರ್ಲಿನ್ 1940ರ ದಶಕದಲ್ಲಿ ಹಾಸನ್ನು ಪ್ರತಿಸಲ ತೆಗೆದುಹಾಕದೆ ಮೇಲಿಂದ ಮೇಲೆ ಹೊಸದು ಸೇರಿಸುತ್ತ ಬೆಳೆಸುವ ಪದ್ಧತಿಯನ್ನು ಪರೀಕ್ಷಿಸಿ ಪ್ರಚುರಪಡಿಸಿದರು. ಅದೇ ಡೀಪ್ ಲಿಟರ್. ಹಳೆಯ ಹಾಸಿನ ಮೇಲಿದ್ದ ಕೋಳಿಗಳು, ಪ್ರಾಣಿಜನ್ಯ ಆಹಾರ ಕಡಿಮೆ ಕೊಟ್ಟರೂ, ಚೆನ್ನಾಗಿ ಇರುತ್ತಿದ್ದವು. ಕಾರಣ ಹೊಳೆದದ್ದು 1948ರಲ್ಲಿ ಬಿ-12 ಜೀವಸತ್ವ ಪ್ರತ್ಯೇಕಗೊಂಡ ಮೇಲೆ: ಹಾಸಿನ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ, ಕೋಳಿ ಕೆದರಿ ತಿನ್ನುತ್ತದೆ. ಎರಡನೆಯ ಪಂಚವಾರ್ಷಿಕ ಯೋಜನೆಯಿಂದ ಮುಂದಕ್ಕೆ ಸರಕಾರಗಳು ಕೋಳಿ ಅಭಿವೃದ್ಧಿಗೆ ಹಣ ಇಟ್ಟವು, ಬಿಳಿ ಲೆಗಾರ್ನ್ ತಳಿ ಹಂಚಿದವು. ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸಂಸ್ಥೆಗಳು ತಳಿ ಬೆಳೆಸಿ, ತರಬೇತಿ ಕೊಟ್ಟವು. ಬದಿ ತೆರೆದ ಶೆಡ್ಡು, ಅದರ ನೆಲಕ್ಕೆ ಡೀಪ್ ಲಿಟರ್: ಸರಕಾರಿ ಪುಸ್ತಿಕೆಗಳ ಮಾದರಿ ಇದಾಯಿತು.

ಓಹಾಯೊದ ಲೆಕ್ಕ ರಾಯಚೂರಿಗೆ ಹಾಗೆಯೇ ಒಗ್ಗುವುದು ಸಾಧ್ಯವಿರಲಿಲ್ಲ. ಅಲ್ಲಿ ಹಾಸಿಗೆ ಅರ್ಧ ಅಡಿಯಿಂದ ಒಂದಡಿ ದಪ್ಪ. ಒಳಗೆ ಕೊಳೆಯುವಿಕೆ ನಡೆದು ಕಾವು ಏಳುತ್ತದೆ, ಹಿಮದ ತಿಂಗಳುಗಳಲ್ಲಿ ಅದು ಹಕ್ಕಿಗೆ ಹಿತ. ರಾಯಚೂರಿನ ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕೋಳಿಗೆ ಬೆವರಿಲ್ಲ; ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಸಡಿಲಿಸಿ, ನೆಲ ಕೆದರಿ ತಂಪು ತಾಣ ಹುಡುಕಿ ಮೈ ಒತ್ತುತ್ತದೆ. ಕಾವೇರಿದ ಹಾಸು ಅದರ ಕೊನೆಯ ದಾರಿಯನ್ನೂ ಮುಚ್ಚುತ್ತದೆ. ಆದ್ದರಿಂದ ಇಲ್ಲಿ ಬೇಸಿಗೆಯ ಹಾಸು ಎರಡು ಇಂಚಿಗೆ ಇಳಿಯಿತು, ಚಳಿಗಾಲದಲ್ಲಿ ಮೂರು, ಹೆಚ್ಚೆಂದರೆ ನಾಲ್ಕು. ಹೆಸರು ಡೀಪ್ ಲಿಟರ್ ಎಂದೇ ಉಳಿಯಿತು, ಆಳ ಮಾತ್ರ ಹೋಯಿತು. ಭತ್ತದ ಹೊಟ್ಟಿನ ದೌರ್ಬಲ್ಯವೇ ಇಲ್ಲಿ ಅದಕ್ಕೆ ಒದಗಿ ಬಂದದ್ದೂ ಹೀಗೆ. ಅದು ನೀರನ್ನು ಹೆಚ್ಚು ಹಿಡಿಯದಿದ್ದರೂ, ಬಿರುಸಾದ ಹೊಟ್ಟಿನ ಚೂರುಗಳ ನಡುವೆ ಗಾಳಿ ಆಡುವುದರಿಂದ ಹಿಡಿದದ್ದನ್ನು ಬೇಗ ಬಿಡುತ್ತದೆ. ಒಣ ಗಾಳಿಯ ಸೀಮೆಗೆ ಇಷ್ಟು ಸಾಕು. ಅದೇ ಹೊಟ್ಟು ಮಲೆನಾಡಿನ ಜುಲೈಯಲ್ಲಿ ಇಷ್ಟು ಒಳ್ಳೆಯ ಹೆಸರು ಪಡೆಯಲಾರದು.

ಶೆಡ್ಡಿನ ಆಕಾರವೂ ಹಾಸಿನ ಜೊತೆಗೆ ಬೆಳೆದದ್ದು. ಉದ್ದ ಪೂರ್ವ–ಪಶ್ಚಿಮಕ್ಕೆ, ಅಗಲ 25–30 ಅಡಿ ಮೀರದಂತೆ, ಮಾಡು ಎರಡೂ ಬದಿಗೆ ಮೂರ್ನಾಲ್ಕು ಅಡಿ ಚಾಚಿಕೊಂಡಿರುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಗರಸು ತುಂಬಿ ನೆಲ ಎತ್ತರಿಸಬೇಕು, ಮೇಲೆ ಸಿಮೆಂಟು ಇಲ್ಲವೆ ಶಹಾಬಾದ್ ಕಲ್ಲು. ಬದಿಯ ಜಾಲರಿಯಡಿ ಒಂದಡಿಯ ಗಿಡ್ಡ ಗೋಡೆ ಇರುವುದು ಮುಖ್ಯವಾಗಿ ಹೊಟ್ಟಿಗಾಗಿ. ಆಷಾಢದ ನೈಋತ್ಯ ಗಾಳಿಗೆ ಹಗುರಾದ ಹೊಟ್ಟು ಹಾರಿ ಒಂದು ಬದಿಗೆ ದಿಣ್ಣೆ ಬೀಳುತ್ತದೆ, ಇನ್ನೊಂದು ಬದಿಯಲ್ಲಿ ನೆಲ ಬತ್ತಲಾಗುತ್ತದೆ. ಗಾಳಿಯ ಕಡೆಗೆ ಗೋಣಿಚೀಲದ ಪರದೆ ಇಳಿಬಿಡುವುದು, ಆಮೇಲೆ ಪ್ಲಾಸ್ಟಿಕ್ ಪರದೆ ಬಂದದ್ದು ಇದಕ್ಕೇ.

ಪ್ರಮಾಣ ತಿಳಿಯಲು ಒಂದು ಲೆಕ್ಕ ಮಾಡಬಹುದು. ಕೋಳಿಗೊಂದು ಚದರಡಿಯಂತೆ 5,000 ಬ್ರಾಯ್ಲರ್ ಕೋಳಿಗೆ 5,000 ಚದರಡಿ ನೆಲ. ಎರಡು ಇಂಚು ಹಾಸಿದರೆ ಸುಮಾರು 24 ಘನಮೀಟರ್ ಹೊಟ್ಟು. ಘನಮೀಟರಿಗೆ ನೂರು ಕಿಲೋ ಹಿಡಿದರೆ ಎರಡೂವರೆ ಟನ್ ಹತ್ತಿರ. ಅಷ್ಟು ಹೊಟ್ಟು ಬಿಡಲು ಗಿರಣಿ 12 ಟನ್ ಭತ್ತ, ಅಂದರೆ 75 ಕಿಲೋದ 160 ಚೀಲ, ಸುಲಿಯಬೇಕು. ಕಾಲುವೆಯಡಿಯ ನಾಲ್ಕೈದು ಎಕರೆಯ ಒಂದು ಬೆಳೆ ಅದು. ಒಂದು ತಂಡ ಮುಗಿಯುವಷ್ಟರಲ್ಲಿ ಒಂದೊಂದು ಕೋಳಿ ಮೂರೂವರೆ ಕಿಲೋ ಮೇವು ತಿಂದು ಅದರ ಎರಡರಷ್ಟು ನೀರು ಕುಡಿದಿರುತ್ತದೆ. ಶೆಡ್ಡಿಗೆಲ್ಲ ಸೇರಿ 35,000 ಲೀಟರ್. ಒಂದಷ್ಟು ಮೈಯಲ್ಲಿ ಉಳಿಯುತ್ತದೆ, ಒಂದಷ್ಟು ಉಸಿರಿನಲ್ಲಿ ಹೋಗುತ್ತದೆ, ಮಿಕ್ಕಿದ್ದೆಲ್ಲ ಆ ಎರಡೂವರೆ ಟನ್ ಹೊಟ್ಟಿನ ಮೇಲೆ ಬೀಳುತ್ತದೆ. ಹಾಸು ಅದನ್ನು ಹಿಡಿದಿಡುವ ಪಾತ್ರೆಯಾಗಲಾರದು, ಗಾಳಿಗೆ ದಾಟಿಸುವ ದಾರಿಯಾಗಬೇಕು ಎಂಬುದು ಇದರಿಂದಲೇ ಸ್ಪಷ್ಟ.

ಅದಕ್ಕೇ ಹಾಸನ್ನು ನೋಡಿಕೊಳ್ಳುವ ಕೆಲಸ ಹಾಸುವುದಕ್ಕಿಂತ ದೊಡ್ಡದು. ಬೆಳಿಗ್ಗೆ ಕೋಳಿಗಳನ್ನು ಒಂದು ಬದಿಗೆ ಸರಿಸುತ್ತ ಹೊಟ್ಟನ್ನು ಕೆದಕಿ ತಿರುವಿಹಾಕುತ್ತಾರೆ. ನೀರಿನ ಡಬ್ಬಿಗಳ ಸುತ್ತ ಹೆಂಟೆಗಟ್ಟಿದ್ದನ್ನು ಎತ್ತಿ ಹೊರಗೆ ಹಾಕಿ ಒಣ ಹೊಟ್ಟು ತುಂಬಿ ಸುಣ್ಣದ ಪುಡಿ ಚೆಲ್ಲುತ್ತಾರೆ. ತೇವ ನೋಡುವ ಬಗೆ ಮುಷ್ಟಿಯದು. ಒಂದು ಹಿಡಿ ಹಾಸನ್ನು ಬಿಗಿಯಾಗಿ ಒತ್ತಿ ಕೈ ಬಿಚ್ಚಿದಾಗ ಉಂಡೆ ಹಾಗೆಯೇ ನಿಂತರೆ ತೇವ ಹೆಚ್ಚಾಗಿದೆ. ಉಂಡೆಯೇ ಆಗದೆ ಬೆರಳ ಸಂದಿಯಿಂದ ಸುರಿದರೆ ತೀರ ಒಣಗಿದೆ, ಧೂಳೆದ್ದು ಕೋಳಿ ಸೀನುತ್ತದೆ. ಕೂಡಿಕೊಂಡು, ಬೆರಳು ತಾಕಿಸಿದರೆ ಬಿರಿಯುವ ಹದ ಸರಿಯಾದದ್ದು; ಆಗ ತೇವಾಂಶ ನೂರಕ್ಕೆ 20ರಿಂದ 25 ಇರುತ್ತದೆ. ಅದು 30 ದಾಟಿದರೆ ಹಿಕ್ಕೆಯ ಯೂರಿಕ್ ಆಮ್ಲ ಬೇಗ ಒಡೆದು ಅಮೋನಿಯಾ ಏಳುತ್ತದೆ, ಕೋಳಿಯ ಕಣ್ಣು ಉರಿಯುತ್ತದೆ, ಅಂಗಾಲು ಸುಟ್ಟು ಕಪ್ಪಾಗುತ್ತದೆ, ರಕ್ತಭೇದಿಯ ಕಾಕ್ಸಿಡಿಯಾ ಬೀಜಗಳು ಬಲಿಯುತ್ತವೆ. ಬದಿ ತೆರೆದ ಶೆಡ್ಡಿನ ಒಂದು ಉಪಕಾರವೆಂದರೆ ಅಮೋನಿಯಾ ಹೊರಗೆ ಹೋಗಲು ದಾರಿಯಿರುತ್ತದೆ.

ಕಾಲುವೆ ಮುಟ್ಟದ ಕಡೆಯ ಚರಿತ್ರೆ ಬೇರೆ. ಮಸ್ಕಿ ಹೊಸ ತಾಲೂಕಾದದ್ದು ಲಿಂಗಸುಗೂರು, ಸಿಂಧನೂರು, ಮಾನ್ವಿಗಳ ಹಳ್ಳಿಗಳನ್ನು ಸೇರಿಸಿ. ಎಡದಂಡೆಯ ನೀರು ಕಂಡ ಊರುಗಳೂ ಬರೀ ಮಳೆ ನಂಬಿದ ಊರುಗಳೂ ಅದರಲ್ಲಿವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನ ಸುತ್ತಲಿನ ರೈತರು ನಡೆಸಿದ ಧರಣಿ 2021ರ ಮಸ್ಕಿ ಉಪಚುನಾವಣೆಯ ಮುಖ್ಯ ಮಾತಾಯಿತು. ಇಂಥ ಒಣ ಊರುಗಳಲ್ಲಿ ಹೊಟ್ಟನ್ನು ಟ್ರ್ಯಾಕ್ಟರಿನಲ್ಲಿ ತರಿಸಬೇಕು, ಹಗುರ ಸರಕಾದ್ದರಿಂದ ಬಾಡಿಗೆಯೇ ಭಾರ. ಹತ್ತಿರದಲ್ಲಿ ಸಿಗುವುದು ಶೇಂಗಾ ಸಿಪ್ಪೆ. ಅದು ನೀರನ್ನು ಭತ್ತದ ಹೊಟ್ಟಿಗಿಂತ ಚೆನ್ನಾಗಿ ಹೀರುತ್ತದೆ, ಕೊಳೆತು ಒಳ್ಳೆಯ ಗೊಬ್ಬರವೂ ಆಗುತ್ತದೆ. ಆದರೆ ಮಳೆಗೆ ಸಿಕ್ಕಿ ಮುಗ್ಗಿದ ಸಿಪ್ಪೆಯಲ್ಲಿ ಆಸ್ಪರ್ಜಿಲಸ್ ಬೂಷ್ಟು ಬೆಳೆಯುತ್ತದೆ. ಅದರ ಬೀಜಕಣ ಮರಿಯ ಶ್ವಾಸಕೋಶ ಸೇರಿದರೆ ಮರಿ ಬಾಯಿ ಬಿಡುತ್ತ ಸಾಯುತ್ತದೆ, ಸಿಪ್ಪೆಯೊಡನೆ ಉಳಿದ ಮುಗ್ಗಿದ ಕಾಳು ಹೊಟ್ಟೆಗೆ ಹೋದರೆ ಅಫ್ಲಾಟಾಕ್ಸಿನ್ ವಿಷವಾಗುತ್ತದೆ. ಒಂದೇ ಪದಾರ್ಥ ಫೆಬ್ರವರಿಯಲ್ಲಿ ಒಳ್ಳೆಯದು, ಆಗಸ್ಟಿನಲ್ಲಿ ಅಪಾಯ. ಮರದ ಪುಡಿಯ ಕತೆಯೂ ಸುಮಾರು ಇದೇ, ಜೊತೆಗೆ ಎಳೆಮರಿಗಳು ಅದನ್ನೇ ಮೇವೆಂದು ನುಂಗುತ್ತವೆ. ಬೇವು, ಜಾಲಿಯ ಈ ಬಯಲಿನಲ್ಲಿ ಅದು ಹೆಚ್ಚು ಸಿಗುವುದೂ ಇಲ್ಲ. ಹೊಳೆಯ ಉಸುಕು ಬೇಗ ಒಣಗುತ್ತದೆ, ತಂಪಾಗಿಯೂ ಇರುತ್ತದೆ, ಆದರೆ ಮನೆಕಟ್ಟುವವರ ಬೇಡಿಕೆಯ ಮುಂದೆ ಕೋಳಿಯವನಿಗೆ ಅದು ಎಟುಕುವುದಿಲ್ಲ.

ನೆಲದ ಹಾಸಿನಿಂದ ಕೋಳಿಯನ್ನೇ ಎತ್ತಿಬಿಡುವ ದಾರಿಯೂ ಬಂತು. 1980ರ ದಶಕದ ಹೊತ್ತಿಗೆ ದೇಶದ ಮೊಟ್ಟೆ ಉದ್ಯಮ ತಂತಿಪಂಜರಗಳತ್ತ ವಾಲಿತು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು, ಅದು ಬೆಲೆ ಸಾರುವ ಕೇಂದ್ರಗಳಲ್ಲಿ ಹೊಸಪೇಟೆಯೂ ಒಂದಾಯಿತು. ಪಂಜರದ ಕೋಳಿಗೆ ಹಾಸು ಬೇಡ. ಮಾಂಸದ ಕೋಳಿ ಮಾತ್ರ ನೆಲದಲ್ಲೇ ಉಳಿಯಿತು, ಏಕೆಂದರೆ ಭಾರವಾದ ಎಳೆಯ ಹಕ್ಕಿಯ ಎದೆಗೂ ಕಾಲಿಗೂ ತಂತಿ ಒಗ್ಗದು. ಕೊಯಮತ್ತೂರು ಸೀಮೆಯಲ್ಲಿ 1990ರ ದಶಕದಲ್ಲಿ ಬೇರೂರಿದ ಗುತ್ತಿಗೆ ಸಾಕಣೆ ಕರ್ನಾಟಕಕ್ಕೂ ಹಬ್ಬಿದಾಗ ಹಾಸಿಗೆ ಹೊಸ ತೂಕ ಬಂತು. ಮರಿ, ಮೇವು, ಔಷಧ ಕಂಪನಿಯವು. ಶೆಡ್ಡು, ಕೂಲಿ, ನೀರು, ಕರೆಂಟು, ಹಾಸು ರೈತನವು. ಯಾವ ತಳಿ, ಯಾವ ಮೇವು ಎಂಬುದರಲ್ಲಿ ರೈತನ ಮಾತು ನಡೆಯುವುದಿಲ್ಲ. ತಂಡದಿಂದ ತಂಡಕ್ಕೆ ಅವನೇ ಆರಿಸಿ ತರಬಹುದಾದ ಸಾಮಗ್ರಿ ನೆಲಕ್ಕೆ ಹಾಸುವ ಹೊಟ್ಟೊಂದೇ. ಕೋಳಿ ತಿಂದ ಮೇವಿಗೆ ಎಷ್ಟು ತೂಕ ಬಂತೆಂಬ ಲೆಕ್ಕದ ಮೇಲೆ ಅವನ ಕೂಲಿ ನಿಲ್ಲುವುದರಿಂದ, ಹಸಿ ಹಾಸಿನ ನಷ್ಟವೂ ಅವನ ತಲೆಗೇ ಬರುತ್ತದೆ.

ಅಷ್ಟರಲ್ಲಿ ಬೇಡವಾದ ಹೊಟ್ಟು ಬೇಕಾದ ಸರಕಾಯಿತು. ಕುಸುಬಲಕ್ಕಿ ಗಿರಣಿಗಳು ಭತ್ತ ಬೇಯಿಸುವ ಬಾಯ್ಲರಿಗೆ ತಮ್ಮ ಹೊಟ್ಟನ್ನೇ ಉರಿಸತೊಡಗಿದವು. ಇಟ್ಟಿಗೆ ಭಟ್ಟಿಗಳು ಲಾರಿ ಕಳಿಸಿದವು. ಹೊಟ್ಟು, ಹತ್ತಿಕಟ್ಟಿಗೆ ಸುಟ್ಟು ವಿದ್ಯುತ್ ತೆಗೆಯುವ ಘಟಕಗಳು ಬಂದವು. ಗಿರಣಿಯವರು ಒಯ್ದರೆ ಸಾಕೆನ್ನುತ್ತಿದ್ದ ಪದಾರ್ಥಕ್ಕೆ ತೂಕದ ಮೇಲೆ ದರ ಬಂತು. ಆ ದರ ಕಾಲುವೆಯ ನೀರಿನ ಜೊತೆಗೆ ಏರಿಳಿಯುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಮಾತ್ರ ನಿಲ್ಲುತ್ತದೆ. ಎರಡನೇ ಬೆಳೆಗೆ ನೀರು ಸಿಗದ ವರ್ಷ ಬೇಸಿಗೆಯಲ್ಲಿ ಹೊಸ ಹೊಟ್ಟೇ ಇಲ್ಲ. ಸಾಕುವವರು ಆಗ ಶೇಂಗಾ ಸಿಪ್ಪೆಯನ್ನು ಬೆರೆಸುತ್ತಾರೆ. ಕೆಲವರು ಹಿಂದಿನ ತಂಡದ ಹಾಸಿನಲ್ಲಿ ಒಣ ಭಾಗವನ್ನು ಬಿಸಿಲಿಗೆ ಹರಡಿ ಮತ್ತೆ ಬಳಸುತ್ತಾರೆ. ರೋಗ ಬಂದುಹೋದ ಶೆಡ್ಡಿನಲ್ಲಿ ಅದು ಮಾಡಬಾರದ ಕೆಲಸ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಹಕ್ಕಿಜ್ವರ ಕಾಣಿಸಿತು. ಅಂಥ ಸೋಂಕಿನಲ್ಲಿ ಹಕ್ಕಿಗಳ ಜೊತೆಗೆ ಮೇವು, ಮೊಟ್ಟೆ, ಹಾಸು ಎಲ್ಲವನ್ನೂ ನಾಶಪಡಿಸುವುದು ನಿಯಮ.

ಬಳಸಿದ ಹಾಸು ಕೋಳಿಗೊಬ್ಬರವಾಗಿ ಹೊಲ ಸೇರುತ್ತದೆ. ಹಿಕ್ಕೆಯ ಸಾರಜನಕ, ರಂಜಕ ಅದರಲ್ಲಿರುತ್ತವೆ. ಮೆಣಸಿನಕಾಯಿ, ದಾಳಿಂಬೆ ಬೆಳೆಯುವವರು ತಂಡ ಖಾಲಿಯಾಗುವ ಮೊದಲೇ ಮಾತಾಡಿಟ್ಟಿರುತ್ತಾರೆ. ಸಿಲಿಕಾದ ದೆಸೆಯಿಂದ ಭತ್ತದ ಹೊಟ್ಟು ಕೊಳೆಯುವುದು ನಿಧಾನ. ಹಸಿಯಾಗಿಯೇ ಹಾಕಿದರೆ ಗೊಬ್ಬರದ ಬಿಸಿಗೆ ಸಸಿ ಬಾಡುತ್ತದೆ. ತಿಪ್ಪೆಯಲ್ಲಿ ಕೆಲವು ತಿಂಗಳು ತೇವ ಕೊಟ್ಟು ತಿರುವಿ ಕಳಿಸಿದ ಮೇಲೂ ದೋಣಿಯಾಕಾರದ ಹೊಟ್ಟು ಮಣ್ಣಿನಲ್ಲಿ ಕಣ್ಣಿಗೆ ಬೀಳುತ್ತಿರುತ್ತದೆ. ಒತ್ತಿಕೊಳ್ಳುವ ಎರೆಮಣ್ಣಿನಲ್ಲಿ ಅದು ಒಂದಿಷ್ಟು ದಿನ ಸಂದು ಉಳಿಸುತ್ತದೆಂಬ ಕಾರಣಕ್ಕೆ, ಪಂಜರದ ಕೋಳಿಯ ಬರೀ ಹಿಕ್ಕೆಗಿಂತ ಹಾಸಿನ ಗೊಬ್ಬರವನ್ನೇ ಕೇಳಿ ಒಯ್ಯುವ ರೈತರೂ ಇದ್ದಾರೆ.